ದ್ವೀಪಕ್ಕೆ ಹೋಗುವ ನೌಕರರಿಗೆ ನೂರಾ ಹದಿನಾಲ್ಕು ಸಲಹೆಗಳು

ಚಾಮರಾಜಪೇಟೆಯ ರಾಜ್ಯ ನಮೂನೆಗಳ ನಿರ್ದೇಶನಾಲಯದ ನೌಕರರೊಬ್ಬರೂ ಇದುವರೆಗೆ ಸಮುದ್ರದಲ್ಲಿ ಮುಳುಗಿ ಸತ್ತಿಲ್ಲ. ಕಚೇರಿ ಶುರುವಾಗಿ ಐವತ್ತೆಂಟು ವರ್ಷವಾಯಿತು. ಇಷ್ಟು ಒಳ್ಳೆಯ ದಾಖಲೆ ಕರಾವಳಿಯ ಕಚೇರಿಗಳಿಗೂ ಇರಲಾರದು. ಕಾರಣ ಸರಳ. ಕಳೆದ ವರ್ಷದವರೆಗೆ ಯಾರನ್ನೂ ಸಮುದ್ರಕ್ಕೆ ಕಳಿಸಿರಲಿಲ್ಲ.

ಈ ದಾಖಲೆಗೆ ಧಕ್ಕೆ ತರುವಂಥ ಅರ್ಜಿಯೊಂದು ಕಳೆದ ವರ್ಷ ಜೂನ್ ತಿಂಗಳಲ್ಲಿ ಬಂತು. ಅರ್ಜಿದಾರರು ಅದೇ ಕಚೇರಿಯ ದಫೇದಾರ್ ನಾರಾಯಣಮ್ಮ. ಅವರು ಕೇಳಿದ್ದು ಹತ್ತು ದಿನ ರಜೆ ಮತ್ತು ಅಂಡಮಾನ್ ದ್ವೀಪಕ್ಕೆ ಹೋಗಿಬರಲು ಅನುಮತಿ.

ನಿರ್ದೇಶನಾಲಯದ ಕೆಲಸವೇನೆಂದು ಮೊದಲು ಹೇಳಬೇಕು. ಈ ನಾಡಿನಲ್ಲಿ ಹುಟ್ಟಿದವರ ಮನೆಯವರು, ಸತ್ತವರ ಮನೆಯವರು, ಬೋರ್‌ವೆಲ್ ಕೊರೆಸುವವರು, ನಾಯಿ ಸಾಕುವವರು ತುಂಬುವ ಅರ್ಜಿಗಳೆಲ್ಲ ಇಲ್ಲೇ ರೂಪುಗೊಳ್ಳುತ್ತವೆ. ಯಾವ ಅರ್ಜಿಗೆ ಎಷ್ಟು ಕಾಲಂ, ಫೋಟೋ ಎಡಕ್ಕೋ ಬಲಕ್ಕೋ, ಸಹಿ ಮೊದಲೋ ಸೀಲು ಮೊದಲೋ ಎಂಬುದನ್ನು ಇಲ್ಲಿನ ನಲವತ್ತಮೂರು ಜನ ಕೂತು ತೀರ್ಮಾನಿಸುತ್ತಾರೆ. ತೀರ್ಮಾನವಾದ ಅರ್ಜಿಗಳನ್ನು ನೂರರ ಕಟ್ಟು ಮಾಡಿ, ದಾರ ಬಿಗಿದು ಜಿಲ್ಲೆಗಳಿಗೆ ಕಳಿಸುವವರು ನಾರಾಯಣಮ್ಮ. ಗಂಡ ಅದೇ ಕಚೇರಿಯಲ್ಲಿ ಡ್ರೈವರ್ ಆಗಿದ್ದು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಬಂದವರು. ಮೂವತ್ತಾರು ವರ್ಷದ ಸೇವೆ. ಕಾರವಾರ, ಮಂಗಳೂರಿಗೆ ಹೋಗುವ ದೋಣಿ ನೋಂದಣಿ ಅರ್ಜಿಯ ಮೇಲ್ತುದಿಯಲ್ಲಿ ಒಂದು ಸಣ್ಣ ದೋಣಿಯ ಚಿತ್ರವಿದೆ, ಅದರ ಕೆಳಗೆ ಅಲೆ ಎಂದು ಮೂರು ಗೆರೆ. ನಾರಾಯಣಮ್ಮ ಸಮುದ್ರ ಎಂದು ನೋಡಿದ್ದು ಆ ಮೂರು ಗೆರೆಯನ್ನೇ.

ಸೇವೆಯಲ್ಲಿರುವಾಗ ಸರ್ಕಾರದ ಖರ್ಚಿನಲ್ಲಿ ಒಂದು ಸಲ ಪ್ರವಾಸ ಹೋಗಲು ನೌಕರರಿಗೆ ಅವಕಾಶವಿದೆ. ನಾರಾಯಣಮ್ಮ ಅದನ್ನು ಬಳಸಿರಲಿಲ್ಲ. ಮುಂದಿನ ಮೇ ಮೂವತ್ತೊಂದಕ್ಕೆ ಅವರ ನಿವೃತ್ತಿ.

ಅರ್ಜಿ ಸ್ವೀಕರಿಸಿದವರು ಶಾಖೆಯ ಮೇಲ್ವಿಚಾರಕ ವಾದಿರಾಜ. ಮಲ್ಲೇಶ್ವರಂ ಹದಿನೈದನೇ ಕ್ರಾಸಿನವರು, ಸಜ್ಜನರು, ಯಾವ ಕಾಗದವನ್ನೂ ಎರಡು ಸಲ ಓದದೆ ಕೆಳಗಿಡದವರು.

"ಸಮುದ್ರ ನೋಡ್ಬೇಕು ಅಂದ್ರೆ ಮಂಗಳೂರಿಗೆ ಹೋಗ್ಬೋದಲ್ಲ ನಾರಾಯಣಮ್ಮ, ದ್ವೀಪ ಯಾಕೆ?" ಎಂದು ಅವರು ಕೇಳಿದರು.

"ಅಲ್ಲಿ ಒಂದೇ ಕಡೆ ಇರುತ್ತಂತಲ್ಲ ಸಾರ್. ಹೋಗೋದೇ ಒಂದ್ಸಲ. ನಾಲ್ಕೂ ಕಡೆ ಇರೋ ಜಾಗಕ್ಕೇ ಹೋಗ್ಬತ್ತೀನಿ."

"ರಿಟೈರ್ ಆದ್ಮೇಲೆ ಆರಾಮಾಗಿ ಹೋಗಿ."

"ರಿಟೈರ್ ಆದ್ಮೇಲೆ ನಂಗೆ ರಜಾ ಯಾರ್ ಕೊಡ್ತಾರೆ ಸಾರ್? ಮಗಳು ಬಿಂದುಶ್ರೀ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಜೂನ್ ಒಂದನೇ ತಾರೀಕಿಂದ ಅವಳ ಕೂಸು ನನ್ ಕೈಗೆ. ಆಫೀಸಲ್ಲಾದ್ರೆ ರಜಾ ಅಂತ ಒಂದೈತೆ. ಮನೇಲಿ ಅದೂ ಇಲ್ಲ."

ಇದು ಸರಿಯಾದ ಮಾತು ಎಂದು ವಾದಿರಾಜರಿಗೂ ಅನ್ನಿಸಿತು. ಅನುಮತಿ ಕೊಡಲು ಅಡ್ಡಿಯೇನೂ ಇರಲಿಲ್ಲ. ಅರ್ಜಿಯ ಹನ್ನೊಂದನೇ ಕಾಲಂ ಖಾಲಿ ಬಿಟ್ಟಿದ್ದೊಂದೇ ಕೊರತೆ.

ಹನ್ನೊಂದನೇ ಕಾಲಂ ಹೀಗಿದೆ: "ಸದರಿ ಸ್ಥಳಕ್ಕೆ ಸಂಬಂಧಿಸಿದ ಪ್ರಾಯೋಗಿಕ ಸಲಹೆಗಳನ್ನು ಲಗತ್ತಿಸಿದೆಯೇ?" ಈ ಕಾಲಂ ಮೊದಲು ಇದ್ದದ್ದು ಬಿತ್ತನೆ ಆಲೂಗಡ್ಡೆಯ ಅರ್ಜಿಯಲ್ಲಿ. ಅಲ್ಲಿ "ಸದರಿ ಬೆಳೆಗೆ" ಎಂದಿತ್ತು. ಯಾವುದೋ ವರ್ಷ ಪ್ರವಾಸದ ಅರ್ಜಿಯನ್ನು ಅವಸರದಲ್ಲಿ ತಯಾರಿಸುವಾಗ ಆಲೂಗಡ್ಡೆ ಅರ್ಜಿಯ ಮೇಲೆಯೇ ತಿದ್ದಿದರು. ಬೆಳೆ ಹೋಗಿ ಸ್ಥಳ ಬಂತು, ಸಲಹೆ ಉಳಿದುಕೊಂಡಿತು. ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ನೌಕರರೆಲ್ಲ ತಿರುಪತಿಗೋ ಧರ್ಮಸ್ಥಳಕ್ಕೋ ಹೋಗುತ್ತಿದ್ದರು, ದೇವಸ್ಥಾನದ ಸೇವಾ ಪಟ್ಟಿಯನ್ನು ಲಗತ್ತಿಸುತ್ತಿದ್ದರು. ಅಂಡಮಾನಿನ ಸಮುದ್ರಕ್ಕೆ ಸೇವಾ ಪಟ್ಟಿ ಇರಲಿಲ್ಲ.

ಶಾಖೆಯ ದ್ವಿತೀಯ ದರ್ಜೆ ಸಹಾಯಕಿ ಮಧುರಾ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇನ್ನೂ ವಿಷಯಗಳನ್ನು ನೇರವಾಗಿ ನೋಡುವ ಅಭ್ಯಾಸ ಹೋಗಿರಲಿಲ್ಲ.

"ಸಾರ್, ಇದು ತಪ್ಪಾಗಿ ಬಂದಿರೋ ಕಾಲಂ. ತೆಗೆದ್ಬಿಡೋಣ."

"ನೋಡಮ್ಮ," ಎಂದರು ವಾದಿರಾಜ, "ಬೇರೆ ಇಲಾಖೆ ಆಗಿದ್ರೆ ತೆಗೀಬಹುದಿತ್ತು. ನಾವು ನಮೂನೆ ಇಲಾಖೆ. ನಮ್ಮ ಕಾಲಂನ ನಾವೇ ತೆಗೆದ್ರೆ, ನಾಳೆ ಜನ ಯಾವ ಕಾಲಂನ ನಂಬ್ತಾರೆ?"

"ಹಾಗಾದ್ರೆ ನೆಟ್‌ನಲ್ಲಿ ಬೇಕಾದಷ್ಟು ಟಿಪ್ಸ್ ಇದೆ ಸಾರ್. ಎರಡು ನಿಮಿಷದಲ್ಲಿ ಪ್ರಿಂಟ್ ತೆಗೀತೀನಿ."

"ಅದ್ರಲ್ಲಿ ಸಹಿ ಇರತ್ತಾ?"

"ಇಲ್ಲ ಸಾರ್."

"ಮತ್ತೆ?"

ಸಹಿ ಇಲ್ಲದ ಸಲಹೆಯನ್ನು ಸಲಹೆ ಎನ್ನಲು ಬರುವುದಿಲ್ಲ, ಅದು ಬರೀ ಮಾತು. ಕಡತವನ್ನು ನಿರ್ದೇಶಕರಾದ ಮಲ್ಲಿಕಾರ್ಜುನಯ್ಯನವರ ಮುಂದೆ ಇಡಲಾಯಿತು. ಅವರು ಕಡತದ ಮೇಲೆ "ಚರ್ಚಿಸಿ" ಎಂದು ಬರೆದರು. ಈ ಒಂದು ಪದ ಬರೆಯುವಷ್ಟರಲ್ಲಿ ಆಗಸ್ಟ್ ಮುಗಿದಿತ್ತು. ಅದಕ್ಕೆ ಅವರನ್ನು ದೂರಬಾರದು. ಪದ ಚಿಕ್ಕದಾದರೂ ಅದಕ್ಕೆ ಮೊದಲು ಕಡತ ಓದಬೇಕು, ಓದಲು ಅದು ಮೇಜಿನ ಮೇಲಿರಬೇಕು, ಮೇಜಿನ ಮುಂದೆ ಅವರಿರಬೇಕು.

ಚರ್ಚೆಯಲ್ಲಿ ತೀರ್ಮಾನವಾಯಿತು. ಉಷ್ಣವಲಯದ ದ್ವೀಪಕ್ಕೆ ಹೋಗುವ ನೌಕರರಿಗೆ ಪ್ರಾಯೋಗಿಕ ಸಲಹೆಗಳನ್ನು ನಿರ್ದೇಶನಾಲಯವೇ ರಚಿಸತಕ್ಕದ್ದು. ಎಲ್ಲ ಶಾಖೆಗಳೂ ಹದಿನೈದು ದಿನದೊಳಗೆ ಸಲಹೆ ಕಳಿಸತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಸಮುದ್ರ ನೋಡಿದವರು, ನೋಡದವರು ಎಂಬ ಭೇದ ಮಾಡಲಿಲ್ಲ. ಸಮಾನತೆಯಲ್ಲಿ ಈ ಕಚೇರಿಗೆ ನಂಬಿಕೆಯಿದೆ.

ಡಿಸೆಂಬರ್ ಹೊತ್ತಿಗೆ ನೂರಾ ಹದಿನಾಲ್ಕು ಸಲಹೆಗಳು ಸೇರಿದವು. ಕೆಲವನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ.

ಸಲಹೆ ೧: ದ್ವೀಪವೆಂದರೆ ನಾಲ್ಕೂ ದಿಕ್ಕಿನಲ್ಲಿ ನೀರಿನಿಂದ ಸುತ್ತುವರಿದ ಭೂಭಾಗ. ಪ್ರವಾಸಿ ನೌಕರರು ಇದನ್ನು ಹೊರಡುವ ಮೊದಲೇ ತಿಳಿದಿರತಕ್ಕದ್ದು. ಅಲ್ಲಿಗೆ ಹೋದ ಮೇಲೆ ಆಕ್ಷೇಪಿಸತಕ್ಕದ್ದಲ್ಲ.

ಸಲಹೆ ೬: ಬಿಸಿಲಿಗೆ ಛತ್ರಿ ಒಯ್ಯುವುದು. ಗಾಳಿ ಜೋರಾದಲ್ಲಿ ಛತ್ರಿಯನ್ನು ಬಿಡುವುದು, ಜೊತೆಯಲ್ಲಿ ಹೋಗತಕ್ಕದ್ದಲ್ಲ.

ಸಲಹೆ ೧೯: ಸಮುದ್ರಕ್ಕಿಳಿಯುವ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಊಟದ ವಿರಾಮದಲ್ಲಿ, ಅಲೆ ಅರ್ಧಕ್ಕೆ ಬಂದಿದ್ದರೂ, ದಡಕ್ಕೆ ಮರಳತಕ್ಕದ್ದು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಇಳಿಯತಕ್ಕದ್ದಲ್ಲ.

ಸಲಹೆ ೩೩: ಅಲ್ಲಿನ ಆಹಾರ ಒಗ್ಗದಿರಬಹುದು. ಅವಲಕ್ಕಿ, ಚಟ್ನಿಪುಡಿ, ಹುರಿಗಾಳು, ಪುಳಿಯೋಗರೆ ಗೊಜ್ಜು ಒಯ್ಯುವುದು. ಗೊಜ್ಜಿನ ಬಾಟಲಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ ಎರಡು ರಬ್ಬರ್ ಬ್ಯಾಂಡ್ ಹಾಕುವುದು. ಒಂದು ಸಾಲದು.

ಸಲಹೆ ೪೮: ತೆಂಗಿನ ಮರದ ಕೆಳಗೆ ನಿಲ್ಲತಕ್ಕದ್ದಲ್ಲ. ಬಿದ್ದ ಕಾಯಿ ಸರ್ಕಾರದ್ದು.

ಸಲಹೆ ೭೨: ತಿಮಿಂಗಿಲ ಎದುರಾದಲ್ಲಿ ತಕ್ಷಣ ಮೇಲಧಿಕಾರಿಗಳ ಗಮನಕ್ಕೆ ತರುವುದು.

ಇವುಗಳಲ್ಲಿ ಅನುಭವದಿಂದ ಬಂದದ್ದು ಮೂವತ್ತಮೂರನೆಯದು ಮಾತ್ರ. ಅದು ವಾದಿರಾಜರದ್ದು. ಒಮ್ಮೆ ಶೃಂಗೇರಿಗೆ ಹೋಗುವಾಗ ಬಸ್ಸಿನಲ್ಲಿ ಗೊಜ್ಜು ಚೆಲ್ಲಿ, ಮುಂದಿನ ಸೀಟಿನವರ ಬಿಳಿ ಪಂಚೆ ಹಾಳಾಗಿತ್ತು.

ನಾರಾಯಣಮ್ಮ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಆಯ್ತಾ ಸಾರ್?"

"ಆಗ್ತಾ ಇದೆ ನಾರಾಯಣಮ್ಮ. ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು."

"ನಂಗೊತ್ತು ಸಾರ್. ಸ್ವಲ್ಪ ಕಮ್ಮಿ ಒಳ್ಳೇದಾದ್ರೂ ಪರವಾಗಿಲ್ಲ, ಬೇಗ ಮಾಡ್ಕೊಡಿ."

ಆದರೆ ಕಾಲಂನಲ್ಲಿ "ಪ್ರಾಯೋಗಿಕ" ಎಂಬ ಪದವಿತ್ತು. ಸಲಹೆಗಳನ್ನು ಪ್ರಯೋಗ ಮಾಡಿ ನೋಡದೆ ಪ್ರಾಯೋಗಿಕ ಎನ್ನುವುದು ಸುಳ್ಳು ಹೇಳಿದಂತೆ ಎಂದು ನಿರ್ದೇಶಕರು ಅಭಿಪ್ರಾಯಪಟ್ಟರು. ಸ್ಥಳ ಪರಿಶೀಲನೆಗೆ ಆರು ಜನರ ಸಮಿತಿ ರಚನೆಯಾಯಿತು. ಅಧ್ಯಕ್ಷರು ನಿರ್ದೇಶಕರು. ಅಡುಗೆ, ಬಟ್ಟೆಬರೆ ಕುರಿತ ಸಲಹೆಗಳ ತಜ್ಞರಾಗಿ ಅವರ ಪತ್ನಿ. ಈಜು ಬರುವವರ ಮಾದರಿಯಾಗಿ ಹಿರಿಯ ಮಗ, ಬಾರದವರ ಮಾದರಿಯಾಗಿ ಕಿರಿಯ ಮಗ. ನಾರಾಯಣಮ್ಮನವರಿಗೆ ಮಂಡಿ ನೋವಿರುವ ಕಾರಣ, ಮಂಡಿ ನೋವಿನ ಮಾದರಿಯಾಗಿ ನಿರ್ದೇಶಕರ ಅತ್ತೆ ಸುಂದರಮ್ಮನವರು. ನಡೆದದ್ದನ್ನೆಲ್ಲ ಬರೆದುಕೊಳ್ಳಲು ವಾದಿರಾಜ.

ಕೆಳದರ್ಜೆ ನೌಕರರ ಸಂಘದ ಕಾರ್ಯದರ್ಶಿ ಚಲುವರಾಜು ಇದನ್ನು ಪ್ರತಿಭಟಿಸಿದರು. ಅವರು ಮತ್ತಿಕೆರೆಯವರು, ಗಂಟಲು ದೊಡ್ಡದು, ಅನ್ಯಾಯ ಕಂಡರೆ ಕೂತಲ್ಲಿ ಕೂರುವವರಲ್ಲ.

"ಸಾರ್, ಹೋಗ್ಬೇಕಾಗಿರೋದು ನಾರಾಯಣಮ್ಮ. ನೀವೆಲ್ಲ ಹೋಗ್ತಿದೀರ."

"ಅವರಿಗೋಸ್ಕರ ಹೋಗ್ತಿದೀವಿ ಚಲುವರಾಜು," ಎಂದರು ನಿರ್ದೇಶಕರು. "ಅವರು ಅಲ್ಲಿ ಹೋಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಜವಾಬ್ದಾರಿ ತಗೋತೀರಾ? ಬರೆದ್ಕೊಡಿ."

ಚಲುವರಾಜು ಬರೆದುಕೊಡಲಿಲ್ಲ. ಯಾರು ಬರೆದುಕೊಡುತ್ತಾರೆ? ಅವರು ಮೂರು ದಿನ ಊಟದ ವಿರಾಮದಲ್ಲಿ ಗೇಟಿನ ಬಳಿ ಧರಣಿ ಕೂತರು. ವಿರಾಮ ಮುಗಿದ ಮೇಲೆ ಕೂತರೆ ಹಾಜರಾತಿಗೆ ತೊಂದರೆಯಿತ್ತು.

ಸಮಿತಿ ಜನವರಿಯಲ್ಲಿ ಹೋಗಿ ಎಂಟು ದಿನ ಇದ್ದು ಬಂತು. ಎಲ್ಲರೂ ಕಪ್ಪಗಾಗಿದ್ದರು, ವಾದಿರಾಜರೊಬ್ಬರು ಹೋದ ಬಣ್ಣದಲ್ಲೇ ವಾಪಸಾದರು. "ಲಗೇಜಿನ ಹತ್ತಿರ ಒಬ್ಬರು ಇರತಕ್ಕದ್ದು" ಎಂಬ ಸಲಹೆ ಐವತ್ತೈದನ್ನು ಅವರ ಮೇಲೆ ಪ್ರಯೋಗ ಮಾಡಲಾಗಿತ್ತು. ಎಂಟೂ ದಿನ ಅವರು ಹೋಟೆಲ್ ರೂಮಿನಲ್ಲಿದ್ದರು.

"ಕಿಟಕೀಲಿ ಕಾಣ್ಸಿರ್ಬೇಕಲ್ಲ ಸಾರ್, ಸಮುದ್ರ?" ಎಂದು ಮಧುರಾ ಕೇಳಿದರು.

"ಕಿಟಕಿ ಹಿಂದುಗಡೆಗಿತ್ತಮ್ಮ. ಪಾರ್ಕಿಂಗ್ ಚೆನ್ನಾಗಿ ಕಾಣ್ತಿತ್ತು. ಸದ್ದು ಮಾತ್ರ ಕೇಳಿಸ್ತಿತ್ತು. ನಮ್ಮ ಸಂಪಿಗೆ ರಸ್ತೆ ಟ್ರಾಫಿಕ್ ಥರಾನೇ, ಆದ್ರೆ ಹಾರನ್ ಇಲ್ಲ."

ನಾರಾಯಣಮ್ಮ ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು ಕೇಳಿದರು. "ಹಾರನ್ನೇ ಇಲ್ಲದ ಸದ್ದಾ ಸಾರ್? ಹೆಂಗಿರುತ್ತೆ ಅದು?"

ಅದನ್ನು ವಿವರಿಸಲು ಬೇಕಾದ ಪದ ವಾದಿರಾಜರ ನಲವತ್ತು ವರ್ಷದ ಟಿಪ್ಪಣಿಗಳಲ್ಲಿ ಎಲ್ಲೂ ಬಂದಿರಲಿಲ್ಲ. "ನೀವೇ ಹೋಗಿ ಕೇಳ್ತೀರಲ್ಲ," ಎಂದರು.

ಸಮಿತಿಯ ವರದಿ ಮಾರ್ಚಿನಲ್ಲಿ ಬಂತು. ಸಲಹೆಗಳೆಲ್ಲ ಉಪಯುಕ್ತವೆಂದು ಕಂಡುಬಂದಿವೆ. ತಿಮಿಂಗಿಲ ಎದುರಾಗದ ಕಾರಣ ಎಪ್ಪತ್ತೆರಡನೆಯದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬಹುದು. ಆದರೆ ಇಷ್ಟೊಂದು ಸಲಹೆಗಳನ್ನು ನೌಕರರು ಓದಿ ಅರ್ಥ ಮಾಡಿಕೊಂಡಿದ್ದಾರೆ ಎಂಬುದಕ್ಕೆ ಖಾತರಿ ಬೇಕು. ಆದ್ದರಿಂದ ಅರ್ಜಿದಾರರಿಗೆ ಒಂದು ಮೌಖಿಕ ಪರೀಕ್ಷೆ ಮತ್ತು ಒಂದು ಪ್ರಾಯೋಗಿಕ ಪರೀಕ್ಷೆ ನಡೆಸತಕ್ಕದ್ದು.

ನಾರಾಯಣಮ್ಮ ಓದಿದ್ದು ಏಳನೇ ಕ್ಲಾಸು. ನೂರಾ ಹದಿನಾಲ್ಕನ್ನೂ ಬಾಯಿಪಾಠ ಮಾಡಿದರು. ಕಟ್ಟು ಕಟ್ಟುವಾಗ ಒಂದೊಂದು ಗಂಟಿಗೆ ಒಂದೊಂದು ಸಲಹೆ ಹೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಬಿಂದುಶ್ರೀ ಸಾರಿಗೆ ಒಗ್ಗರಣೆ ಹಾಕುತ್ತ ಪ್ರಶ್ನೆ ಕೇಳುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ನಿರ್ದೇಶಕರ ಕೊಠಡಿಯಲ್ಲಿ ಮೌಖಿಕ ನಡೆಯಿತು.

"ತಿಮಿಂಗಿಲ ಎದುರಾದ್ರೆ ಏನ್ ಮಾಡ್ತೀರಿ?" ಎಂದು ನಿರ್ದೇಶಕರು ಕೇಳಿದರು.

"ಮೇಲಧಿಕಾರಿಗಳ ಗಮನಕ್ಕೆ ತರ್ತೀನಿ ಸಾರ್."

"ಮೇಲಧಿಕಾರಿ ರಜೆಯಲ್ಲಿದ್ರೆ?"

"ಪ್ರಭಾರದಲ್ಲಿರೋರ ಗಮನಕ್ಕೆ."

"ಅಲ್ಲೀವರ್ಗೂ ತಿಮಿಂಗಿಲ ಕಾಯತ್ತಾ?"

"ಕಾಯ್ಬೇಕು ಸಾರ್. ನಾನು ಮೂವತ್ತಾರು ವರ್ಷ ಕಾದಿಲ್ವಾ?"

ಈ ಉತ್ತರಕ್ಕೆ ಪೂರ್ಣ ಅಂಕ ಸಿಕ್ಕಿತು. ತೆಂಗಿನಕಾಯಿಯ ಪ್ರಶ್ನೆಯಲ್ಲಿ ಮಾತ್ರ ಎಡವಿದರು. ಬಿದ್ದ ಕಾಯಿ ಯಾರದು ಎಂದದ್ದಕ್ಕೆ "ಯಾರ್ ಎತ್ಕೊಂಡ್ರೋ ಅವರ್ದು" ಎಂದುಬಿಟ್ಟರು. ನೂರಕ್ಕೆ ತೊಂಬತ್ತಾರು ಬಂತು. ಪ್ರಾಯೋಗಿಕ ಪರೀಕ್ಷೆಗೆ ಮೇ ಹದಿನಾಲ್ಕು ನಿಗದಿಯಾಯಿತು.

ಮೇ ಹದಿನಾಲ್ಕರ ಬೆಳಿಗ್ಗೆ ಮಧುರಾ ಒಂದು ರಿಜಿಸ್ಟರ್ ಹಿಡಿದು ವಾದಿರಾಜರ ಬಳಿ ಬಂದರು.

"ಸಾರ್, ದ್ವೀಪ ಪ್ರವಾಸಕ್ಕೆ ನಮ್ಮ ಡೈರೆಕ್ಟರೇಟ್‌ಗೆ ವರ್ಷಕ್ಕೆ ಆರೇ ಸೀಟು. ಆರೂ ಕಮಿಟಿಗೇ ಹೋಗಿದೆ. ಇವರನ್ನ ಯಾವುದ್ರಲ್ಲಿ ಕಳ್ಸೋದು?"

ವಾದಿರಾಜ ರಿಜಿಸ್ಟರನ್ನು ಎರಡು ಸಲ ಓದಿದರು. ಮುಖ ಬಾಡಿತು. "ಅವರಿಗೆ ಈಗ್ಲೇ ಹೇಳ್ಬೇಡಮ್ಮ. ಪರೀಕ್ಷೆ ಪಾಸಾಗ್ಲಿ ಪಾಪ."

ಪರೀಕ್ಷೆ ಮಧ್ಯಾಹ್ನ ಮೂರಕ್ಕೆ ಕಚೇರಿಯ ಹಿತ್ತಿಲ ಅಂಗಳದಲ್ಲಿ ಶುರುವಾಯಿತು. ಅಲ್ಲಿ ಶೌಚಾಲಯ ಕಟ್ಟಲು ತಂದು ಮೂರು ವರ್ಷದಿಂದ ಬಿದ್ದಿದ್ದ ಮರಳಿನ ಗುಡ್ಡೆಯಿತ್ತು. ಅದನ್ನು ಕಡಲ ತೀರವೆಂದು ತಿಳಿಯತಕ್ಕದ್ದು. ಮರಳಿನ ಮೇಲೆ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ನೀರು, ಕ್ಯಾಂಟೀನಿನಿಂದ ತಂದ ಎರಡು ಕಿಲೋ ಉಪ್ಪು. ಎದುರಿಗೆ ಪಕ್ಕದ ಕಲ್ಯಾಣ ಮಂಟಪದ ಹಿಂಗೋಡೆ. ಅದರ ಮೇಲೆ ವಾದಿರಾಜರು ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದಿದ್ದರು. ಅದು ದಿಗಂತ. ಅರ್ಜಿದಾರರು ಛತ್ರಿ ಹಿಡಿದು ಉಪ್ಪುನೀರಿನಲ್ಲಿ ಪಾದವಿಟ್ಟು, ದಿಗಂತವನ್ನು ನೋಡುತ್ತ ಒಂದು ಗಂಟೆ ನಿಲ್ಲಬೇಕು.

ನಾರಾಯಣಮ್ಮ ಸೀರೆ ತುಸು ಎತ್ತಿ ಸಿಕ್ಕಿಸಿ ಟಬ್ಬಿನಲ್ಲಿ ನಿಂತರು. ಸಿಬ್ಬಂದಿಯೆಲ್ಲ ವರಾಂಡದಲ್ಲಿ ಸೇರಿದರು.

ಮೂರು ಇಪ್ಪತ್ತಕ್ಕೆ ಮಳೆ ಬಂತು. ಬೆಂಗಳೂರಿನ ಮೇ ತಿಂಗಳ ಮಳೆ, ಮುನ್ಸೂಚನೆ ಕೊಡುವುದಿಲ್ಲ. ಮೊದಲು ಗಾಳಿ ಎದ್ದಿತು. ನಾರಾಯಣಮ್ಮ ಸಲಹೆ ಆರರ ಪ್ರಕಾರ ಛತ್ರಿಯನ್ನು ಬಿಟ್ಟರು. ಅದು ದಿಗಂತ ದಾಟಿ ಕಲ್ಯಾಣ ಮಂಟಪದೊಳಕ್ಕೆ ಬಿತ್ತು. ಅಂಗಳದ ಚರಂಡಿ ಹೂಳು ತುಂಬಿ ಎಂಟು ವರ್ಷವಾಗಿದೆ. ಅದರ ದುರಸ್ತಿಗೆ ಅರ್ಜಿ ಹಾಕಬೇಕು, ಆ ಅರ್ಜಿಯ ನಮೂನೆ ಇನ್ನೂ ಈ ಕಚೇರಿಯಲ್ಲಿ ತಯಾರಾಗಿಲ್ಲ. ಹತ್ತು ನಿಮಿಷದಲ್ಲಿ ಅಂಗಳ ತುಂಬಿತು. ನೀರು ವರಾಂಡದ ಮೆಟ್ಟಿಲಿಗೆ ಬಂತು. ನಡುವೆ ಮರಳಿನ ಗುಡ್ಡೆ, ಅದರ ಮೇಲೆ ಟಬ್ಬು, ಟಬ್ಬಿನಲ್ಲಿ ನಾರಾಯಣಮ್ಮ.

"ಬಂದ್ಬಿಡಿ ನಾರಾಯಣಮ್ಮ, ಸಾಕು," ಎಂದು ಚಲುವರಾಜು ಕೂಗಿದರು.

"ಟೈಮ್ ಆಗಿಲ್ಲ ಸಾರ್. ಒಂದ್ ಗಂಟೆ ಅಂದವ್ರೆ. ಈಗ ಬಂದು ಫೇಲ್ ಮಾಡ್ಬಿಟ್ರೆ?"

ನಿಂತರು. ಮಳೆ ಸುರಿಯುತ್ತಲೇ ಇತ್ತು. ಗೋಡೆಯ ಮೇಲಿನ ಸೀಮೆಸುಣ್ಣದ ದಿಗಂತ ತೊಳೆದುಹೋಯಿತು. ಅವರು ಅದಿದ್ದ ಜಾಗವನ್ನೇ ನೋಡುತ್ತ ನಿಂತರು.

ಆಗ ವಾದಿರಾಜರಿಗೆ ಹೊಳೆಯಿತು. ಅವರ ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಬೆಳಗಿನಿಂದ ಅವರು ಆ ರಿಜಿಸ್ಟರನ್ನು ಇನ್ನೆರಡು ಸಲ ಓದಿದ್ದರು. ಸೀಟಿಲ್ಲ, ದಿನವಿಲ್ಲ, ಈ ಹೆಂಗಸಿಗೆ ಏನೆಂದು ಹೇಳುವುದು? ಅವರು ಕಡತ ತೆರೆದು ನಿರ್ದೇಶಕರಿಗೆ ಒಂದನೇ ಸಲಹೆಯನ್ನು ಓದಿ ಹೇಳಿದರು.

"ನಾಲ್ಕೂ ದಿಕ್ಕಿನಲ್ಲಿ ನೀರಿನಿಂದ ಸುತ್ತುವರಿದ ಭೂಭಾಗ, ಸಾರ್."

ನಿರ್ದೇಶಕರು ಅಂಗಳವನ್ನು ನೋಡಿದರು. ಪೂರ್ವಕ್ಕೆ ನೀರು. ಪಶ್ಚಿಮಕ್ಕೆ ನೀರು. ಉತ್ತರ, ದಕ್ಷಿಣಕ್ಕೂ ನೀರು.

"ಉಷ್ಣವಲಯ?" ಎಂದು ಕೇಳಿದರು.

"ಚಾಮರಾಜಪೇಟೆ ಉಷ್ಣವಲಯದಲ್ಲೇ ಬರತ್ತೆ ಸಾರ್. ಭೂಪಟ ನೋಡಿದೀನಿ."

"ಟಿಪ್ಪಣಿ ಮಂಡಿಸಿ."

ಎರಡು ದಿನದಲ್ಲಿ ಆದೇಶ ಹೊರಟಿತು. ಈ ಕಚೇರಿಯ ಇತಿಹಾಸದಲ್ಲಿ ಇಷ್ಟು ಬೇಗ ಹೊರಟ ಆದೇಶ ಇನ್ನೊಂದಿಲ್ಲ.

"ದಿನಾಂಕ ಮೇ ಹದಿನಾಲ್ಕರಂದು ಶ್ರೀಮತಿ ನಾರಾಯಣಮ್ಮ, ದಫೇದಾರ್, ಇವರು ನಾಲ್ಕೂ ದಿಕ್ಕಿನಲ್ಲಿ ನೀರಿನಿಂದ ಸುತ್ತುವರಿದ ಭೂಭಾಗದ ಮೇಲೆ, ಉಷ್ಣವಲಯದ ವ್ಯಾಪ್ತಿಯಲ್ಲಿ, ಒಂದು ಗಂಟೆಯ ಕಾಲ ತಂಗಿದ್ದನ್ನು ಮೂವತ್ತೊಂದು ಮಂದಿ ಅಧಿಕಾರಿ ಮತ್ತು ನೌಕರರು ಖುದ್ದು ಕಂಡಿರುತ್ತಾರೆ. ಆದ್ದರಿಂದ ಸದರಿಯವರು ದ್ವೀಪಕ್ಕೆ ಭೇಟಿ ನೀಡಿದಂತೆ ಪರಿಗಣಿಸಿ, ಪ್ರವಾಸ ರಿಯಾಯಿತಿಯನ್ನು ಪೂರ್ತಿ ಬಳಸಿಕೊಂಡಂತೆ ಸೇವಾ ಪುಸ್ತಕದಲ್ಲಿ ನಮೂದಿಸಲು ಆದೇಶಿಸಿದೆ. ಸದರಿಯವರು ಸುರಕ್ಷಿತವಾಗಿ ವಾಪಸಾಗಿರುತ್ತಾರೆ."

ನಾರಾಯಣಮ್ಮ ಆದೇಶವನ್ನು ನಿಧಾನವಾಗಿ ಓದಿದರು.

"ಇದ್ರಲ್ಲಿ ನಾನು ಹೋಗ್ಬಂದೆ ಅಂತ ಬರ್ದೈತೆ ಸಾರ್."

"ಹೌದು ನಾರಾಯಣಮ್ಮ," ಎಂದರು ವಾದಿರಾಜ, ತಲೆ ಎತ್ತದೆ.

"ನಾನು ಹೋಗಿಲ್ವಲ್ಲ."

"ಹೋಗಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ದಾಖಲೆ ಏನಾದ್ರೂ ಇದ್ಯಾ?"

ಇರಲಿಲ್ಲ. ಹೋಗಿಲ್ಲ ಎನ್ನುವುದಕ್ಕೆ ಯಾರ ಬಳಿಯೂ ದಾಖಲೆ ಇರುವುದಿಲ್ಲ. ಮೂವತ್ತಾರು ವರ್ಷ ನಮೂನೆ ಇಲಾಖೆಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು.

"ಅಲ್ಲ ಸಾರ್," ಎಂದರು, "ಹೋಗಿದ್ದೆ ಅಂದ್ರೆ ಹೋಗಿದ್ದೆ. ಇಲ್ಲ ಅನ್ನಲ್ಲ. ಆ ರಜಾ ಆದ್ರೂ ಕೊಟ್ಟಿದ್ರೆ ಮನೇಲಿ ಕೂತು ನೆನೆಸ್ಕೊಂಡಿರ್ತಿದ್ದೆ."

ರಜೆ ಕೊಡಲು ಬರುವುದಿಲ್ಲ ಎಂದು ಮಧುರಾ ವಿವರಿಸಿದರು. ರಜೆ ಇರುವುದು ಪ್ರಯಾಣಕ್ಕೆ, ಪ್ರಯಾಣ ಮುಗಿದಿದೆ. ವಿವರಿಸುವಾಗ ಅವರ ದನಿಯಲ್ಲಿ ತಡವರಿಕೆ ಇರಲಿಲ್ಲ. ಹುಡುಗಿ ಕೆಲಸ ಕಲಿಯುತ್ತಿದ್ದಾಳೆ ಎಂದು ವಾದಿರಾಜರಿಗೆ ಸಮಾಧಾನವಾಯಿತು.

ಚಲುವರಾಜು ಸುಮ್ಮನಿರಲಿಲ್ಲ. ಆದೇಶದ ಪ್ರತಿ ಹಿಡಿದು ನಿರ್ದೇಶಕರ ಕೊಠಡಿಗೆ ನುಗ್ಗಿದರು. ಇವತ್ತು ಏನಾದರೂ ಆಗಿಯೇ ತೀರುತ್ತದೆಂದು ವರಾಂಡದಲ್ಲಿದ್ದವರೆಲ್ಲ ಕಿವಿಗೊಟ್ಟರು.

"ಇದು ಅನ್ಯಾಯ ಸಾರ್. ಒಬ್ಬರಿಗೆ ಮಾತ್ರ ಕೊಟ್ಟಿದೀರ. ಸಂಘದಲ್ಲಿ ಇನ್ನೂ ಹನ್ನೊಂದು ಜನ ಇದಾರೆ. ಅವರೇನು ದ್ವೀಪ ನೋಡೋದು ಬೇಡ್ವಾ?"

ನಿರ್ದೇಶಕರು ಯೋಚಿಸಿ, ಬೇಡಿಕೆ ನ್ಯಾಯವಾದದ್ದು ಎಂದರು. ಸಂಘಕ್ಕೆ ಸಿಕ್ಕ ಮೊದಲ ಗೆಲುವು ಇದು. ಗೇಟಿನ ಬಳಿ ಪಟಾಕಿ ಹೊಡೆದು ಮೈಸೂರು ಪಾಕ್ ಹಂಚಿದರು.

ಇದಾದ ಮೇಲೆ ಕೆಲವು ಏರ್ಪಾಡು ಅಗತ್ಯವಾಯಿತು. ಅಂಗಳದ ಚರಂಡಿಯನ್ನು ಯಾರೂ ಸ್ವಚ್ಛ ಮಾಡತಕ್ಕದ್ದಲ್ಲ ಎಂದು ದ್ವೀಪ ಸಂರಕ್ಷಣಾ ಸುತ್ತೋಲೆ ಹೊರಟಿತು. ಮಳೆ ಬಾರದ ದಿನ ಸಮುದ್ರ ತುಂಬಲು ಟ್ಯಾಂಕರ್ ಬೇಕಾಯಿತು. ನಿರ್ದೇಶಕರ ಷಡ್ಡಕರ ಬಳಿ ಟ್ಯಾಂಕರ್ ಇತ್ತು. ಶೌಚಾಲಯದ ಕಾಮಗಾರಿಯನ್ನು ಪರಿಸರದ ಹಿತದೃಷ್ಟಿಯಿಂದ ಕೈಬಿಡಲಾಯಿತು.

ಮೇ ಮೂವತ್ತೊಂದರ ಬೀಳ್ಕೊಡುಗೆಯಲ್ಲಿ ನಾರಾಯಣಮ್ಮನವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ದ್ವೀಪಕ್ಕೆ ಭೇಟಿ ನೀಡಿದ ಈ ಕಚೇರಿಯ ಮೊದಲ ಕೆಳದರ್ಜೆ ನೌಕರರು ಎಂದು ನಿರ್ದೇಶಕರು ಭಾಷಣ ಮಾಡಿದರು. ಜೂನ್ ಒಂದರಿಂದ ಅವರು ಕೂಸನ್ನು ನೋಡಿಕೊಳ್ಳತೊಡಗಿದರು.

ಜುಲೈನಲ್ಲಿ ಸಂಘದ ಹನ್ನೊಂದು ಜನರ ಮೊದಲ ತಂಡ ಹೊರಟಿತು. ಅನುಭವಿಗಳಿಂದ ಸಲಹೆ ಕೊಡಿಸುವುದು ಒಳ್ಳೆಯದೆಂದು ನಾರಾಯಣಮ್ಮನವರಿಗೆ ಹೇಳಿಕಳಿಸಿದರು. ಅವರು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಟ್ಯಾಂಕರ್ ಆಗಷ್ಟೇ ನೀರು ಬಿಟ್ಟು ಹೋಗಿತ್ತು. ಚಲುವರಾಜು ಮತ್ತು ಅವರ ಜೊತೆಯವರು ಛತ್ರಿ ಹಿಡಿದು, ಚಟ್ನಿಪುಡಿಯ ಡಬ್ಬಿ ಹಿಡಿದು ವರಾಂಡದಲ್ಲಿ ಸಾಲಾಗಿ ನಿಂತಿದ್ದರು. ಕೆಲವರು ಹೊಸ ಅಂಗಿ ಹಾಕಿದ್ದರು. ವಾದಿರಾಜ ಬರೆದುಕೊಳ್ಳಲು ಪೆನ್ನು ತೆರೆದರು.

"ಏನ್ ನಾರಾಯಣಮ್ಮ, ಹೆಂಗಿರುತ್ತೆ ಅಲ್ಲಿ?" ಎಂದು ಚಲುವರಾಜು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ನಾರಾಯಣಮ್ಮ ನೀರಿನ ಕಡೆ ನೋಡಿದರು.

"ಚಪ್ಪಲಿ ಇಲ್ಲೇ ಬಿಟ್ಟೋಗಿ. ಮೂರ್ನೇ ಹೆಜ್ಜೇಲಿ ಒಂದ್ ಕಲ್ಲೈತೆ, ನೋಡ್ಕೊಳ್ಳಿ. ನೀರು ಮಂಡೀವರೆಗೆ ಬರಲ್ಲ, ಹೆದರ್ಬೇಡಿ. ಮೇಲೆ ಹತ್ತಿದ್ಮೇಲೆ ಎದುರಿಗೆ ಗೋಡೆ ಕಾಣ್ಸುತ್ತೆ. ಅದನ್ನ ನೋಡ್ತಾ ನಿಂತ್ಕೋಬೇಡಿ, ಬೇಜಾರಾಗುತ್ತೆ. ಕಣ್ಣು ಮುಚ್ಕೊಂಡ್ಬಿಡಿ. ಮುಚ್ಕೊಂಡ್ರೆ ಭಾಳ ದೂರದವರೆಗೂ ಕಾಣ್ಸುತ್ತೆ."

ವಾದಿರಾಜ ಅದನ್ನು ಸಲಹೆ ನೂರಾ ಹದಿನೈದು ಎಂದು ಬರೆದುಕೊಂಡು, ಅವರ ಸಹಿ ಪಡೆದರು. ತಂಡ ಒಬ್ಬರ ಹಿಂದೊಬ್ಬರಾಗಿ ನೀರಿಗಿಳಿಯಿತು. ಮೂರನೇ ಹೆಜ್ಜೆಯಲ್ಲಿ ಎಲ್ಲರೂ ಕಲ್ಲನ್ನು ತಪ್ಪಿಸಿದರು. ಮರಳಿನ ಮೇಲೆ ಹತ್ತಿ, ಛತ್ರಿ ಬಿಡಿಸಿ, ಹನ್ನೊಂದು ಜನರೂ ಕಣ್ಣು ಮುಚ್ಚಿಕೊಂಡರು. ವರಾಂಡದಲ್ಲಿ ನಿಂತಿದ್ದ ನಿರ್ದೇಶಕರು ಕೈಗಡಿಯಾರ ನೋಡಿ, ಸಮಯ ಬರೆದುಕೊಳ್ಳುವಂತೆ ಹೇಳಿ, ತಾವೂ ಮುಚ್ಚಿಕೊಂಡರು.